ಇಕ್ಕಟ್ಟಾದ ಬಾನೆಟ್ ಕೆಳಗೆ ಕೋಲ್ಡ್ ಏರ್ ಇಂಟೇಕ್ ಕೂರಿಸುವುದು ಹೇಗೆ

ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಇಪ್ಪತ್ತು ನಿಮಿಷ ತೆವಳಿ, ಕೊನೆಗೆ ದಾರಿ ಸಿಕ್ಕಿತು ಅಂತ ಆಕ್ಸಿಲರೇಟರ್ ಒತ್ತಿದೆ. ಗಾಡಿ ಏಳಲಿಲ್ಲ. ಹೊಸ ಕೋಲ್ಡ್ ಏರ್ ಇಂಟೇಕ್, ಅಂದರೆ ಹೊರಗಿನ ತಂಪು ಗಾಳಿಯನ್ನು ಇಂಜಿನ್‌ಗೆ ತರುವ ಪೈಪು ಮತ್ತು ಫಿಲ್ಟರ್, ಹಾಕಿ ಆಗ ನಾಲ್ಕೇ ದಿನ. ಸದ್ದು ಚೆನ್ನಾಗಿತ್ತು, ಪಿಕಪ್ ಮಾತ್ರ ಮೊದಲಿಗಿಂತ ಕಡಿಮೆಯಾಗಿತ್ತು. ಕಾರಿನ ಸೆನ್ಸರ್‌ಗಳ ಲೆಕ್ಕವನ್ನು ಫೋನ್‌ಗೆ ಕಳಿಸುವ ಓಬಿಡಿ ಡಾಂಗಲ್‌ನಲ್ಲಿ ನೋಡಿದೆ. ಹೊರಗಿನ ಗಾಳಿ 29 ಡಿಗ್ರಿ. ಇಂಜಿನ್ ಎಳೆದುಕೊಳ್ಳುತ್ತಿದ್ದ ಗಾಳಿ 66 ಡಿಗ್ರಿ.

ಮರುದಿನ ವಿಲ್ಸನ್ ಗಾರ್ಡನ್‌ನಲ್ಲಿರುವ ನನ್ನ ಮೆಕ್ಯಾನಿಕ್ ಹತ್ತಿರ ಹೋದೆ. ಮೂವತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವರು. ಬಾನೆಟ್ ಎತ್ತಿ ಒಂದು ಕ್ಷಣ ನೋಡಿದರು. "ಫಿಲ್ಟರ್ ಬಿಡಿ ಸಾರ್, ಅದರ ಬಾಯಿ ಎಲ್ಲಿದೆ ನೋಡಿ. ಫ್ಯಾನ್ ಹಿಂದೇನೇ ಇದೆ. ಬಿಸಿ ಗಾಳೀನೇ ಕುಡೀತಾ ಇದೆ," ಅಂದರು. "ಹಾಗಾದ್ರೆ ಏನ್ ಮಾಡೋದಣ್ಣ?" ಅಂದೆ. "ಮೊದ್ಲು ಜಾಗ ಹುಡುಕಿ. ಜಾಗ ಸಿಕ್ಕಿದ್ಮೇಲೆ ಪೈಪು."

ಈ ಲೇಖನದಲ್ಲಿ ನಾನು ಹೇಳುವುದೆಲ್ಲ ಆ ಮಾತಿನ ಸುತ್ತಲೇ ಇದೆ. ಬಾನೆಟ್ ಕೆಳಗೆ ಕೈ ತೂರಿಸಲೂ ಜಾಗವಿಲ್ಲದ ಸಣ್ಣ ಕಾರುಗಳಲ್ಲಿ ಯಾವ ಕಂಪನಿ ಫಿಲ್ಟರ್ ಅನ್ನುವುದು ಆಮೇಲಿನ ಪ್ರಶ್ನೆ. ಗಾಳಿಯ ಬಾಯಿ ಎಲ್ಲಿ ತೆರೆಯುತ್ತದೆ ಅನ್ನುವುದೇ ಮೊದಲನೆಯದು. ನನ್ನದು ನಾಲ್ಕು ಸಿಲಿಂಡರ್‌ನ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಟರ್ಬೊ ಇಲ್ಲ. ನಿಮ್ಮದೂ ಅಂಥದ್ದೇ ಆಗಿದ್ದರೆ ಇಲ್ಲಿರುವುದು ಹೆಚ್ಚುಕಡಿಮೆ ಹಾಗೇ ಹೊಂದುತ್ತದೆ.

ಬಿಸಿ ಗಾಳಿ ಯಾಕೆ ಕೆಟ್ಟದ್ದು

ಗಾಳಿ ಬಿಸಿಯಾದಷ್ಟೂ ಹಿಗ್ಗುತ್ತದೆ. ಅದೇ ಒಂದು ಲೀಟರ್ ಜಾಗದಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. 29 ಡಿಗ್ರಿಯ ಗಾಳಿಗೆ ಹೋಲಿಸಿದರೆ 66 ಡಿಗ್ರಿಯ ಗಾಳಿ ಶೇಕಡಾ 11ರಷ್ಟು ತೆಳು. ಅಷ್ಟೇ ಅಲ್ಲ. ಒಳಬರುವ ಗಾಳಿ ತೀರಾ ಬಿಸಿಯಾದರೆ ಇಂಜಿನ್ ನಾಕ್ ಆಗದಿರಲಿ (ಪೆಟ್ರೋಲ್ ಮಿಶ್ರಣ ತಾನಾಗಿ ಹೊತ್ತಿ ಬಡಿಯದಿರಲಿ) ಅಂತ ಇಂಜಿನ್‌ನ ಕಂಪ್ಯೂಟರ್ ಆದ ಇಸಿಯು ಇಗ್ನಿಷನ್ ಟೈಮಿಂಗನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, ತಡ ಮಾಡುತ್ತದೆ. ಹೀಗೆ ಎರಡು ಕಡೆಯಿಂದ ಶಕ್ತಿ ಸೋರುತ್ತದೆ.

ಬೆಂಗಳೂರಿನವರಿಗೆ ಇದು ಇನ್ನೂ ಮುಖ್ಯ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡವೇ ಕರಾವಳಿಗಿಂತ ಸುಮಾರು ಶೇಕಡಾ 10 ಕಡಿಮೆ. ಮಂಗಳೂರಿನಲ್ಲಿ ಚುರುಕಾಗಿದ್ದ ಟರ್ಬೊ ಇಲ್ಲದ ಪೆಟ್ರೋಲ್ ಕಾರು ಶಿರಾಡಿ ಘಾಟಿ ಹತ್ತಿ ಬಂದ ಮೇಲೆ ಸ್ವಲ್ಪ ಮಂಕಾಗುವುದು ಅದಕ್ಕೇ. ಎತ್ತರದ ನಷ್ಟವನ್ನು ನಾವು ತಪ್ಪಿಸಲಾಗದು. ಬಿಸಿಯ ನಷ್ಟವನ್ನು ತಪ್ಪಿಸಬಹುದು. ಈ ಊರಿನ ದಾಖಲೆಯ ಬಿಸಿಲೇ 39.2 ಡಿಗ್ರಿ, 2016ರ ಏಪ್ರಿಲ್ 24ರಂದು. ವರ್ಷದ ಹೆಚ್ಚಿನ ಸಂಜೆಗಳಲ್ಲಿ ಅದರ ಹತ್ತಿರವೂ ಹೋಗುವುದಿಲ್ಲ. ಹೊರಗೆ ಒಳ್ಳೆಯ ಗಾಳಿ ಇದೆ. ಅದನ್ನು ಬಾನೆಟ್ ಕೆಳಗೆ ಬೇಯಿಸಿ ಇಂಜಿನ್‌ಗೆ ಕೊಡಬಾರದು, ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಣ್ಣ ಪೆಟ್ರೋಲ್ ಇಂಜಿನ್‌ನಲ್ಲಿ ಎಷ್ಟೇ ಚೆನ್ನಾಗಿ ಫಿಟ್ ಮಾಡಿದರೂ ಸಿಗುವ ಲಾಭ ಸಣ್ಣದು. ಹತ್ತಿಪ್ಪತ್ತು ಕುದುರೆ ಶಕ್ತಿ ಜಾಸ್ತಿ ಆಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿಮಗೆ ಸಿಗುವುದು ಸ್ವಲ್ಪ ಚುರುಕು, ಸ್ವಲ್ಪ ಸದ್ದು, ಮತ್ತೆ ನಿಮ್ಮ ಕೈಯಿಂದಲೇ ಆದ ಒಂದು ಅಚ್ಚುಕಟ್ಟಾದ ಕೆಲಸ. ನನಗೆ ಅಷ್ಟು ಸಾಕಾಗಿತ್ತು.

ಬಿಚ್ಚುವ ಮೊದಲು ಅಳೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಬ್ಲೂಟೂತ್ ಓಬಿಡಿ ಡಾಂಗಲ್ ಒಂದನ್ನು ತಂದು, ಇಂಟೇಕ್ ಗಾಳಿಯ ಉಷ್ಣಾಂಶವನ್ನು ಫೋನ್‌ನಲ್ಲಿ ತೆರೆದಿಡಿ. ಎರಡು ಲೆಕ್ಕ ಬೇಕು. ಒಂದು, ಖಾಲಿ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಐದಾರು ನಿಮಿಷ ಓಡಿಸಿದಾಗ. ಬೆಳಿಗ್ಗೆ ಆರಕ್ಕೆ ರಿಂಗ್ ರೋಡ್ ಸಾಕು. ಇನ್ನೊಂದು, ಎಸಿ ಹಾಕಿಕೊಂಡು ಹತ್ತು ನಿಮಿಷ ಟ್ರಾಫಿಕ್‌ನಲ್ಲಿ ನಿಂತಾಗ. ಅದಕ್ಕೆ ಜಾಗ ಹುಡುಕುವ ಕಷ್ಟ ನಮಗಿಲ್ಲ. ಎರಡೂ ಸಲ ಹೊರಗಿನ ಉಷ್ಣಾಂಶವನ್ನು ಪಕ್ಕದಲ್ಲಿ ಬರೆದಿಡಿ.

ಇಲ್ಲೊಂದು ಸೂಕ್ಷ್ಮವಿದೆ. ಕೆಲವು ಕಾರುಗಳಲ್ಲಿ ಈ ಸೆನ್ಸರ್ ಫಿಲ್ಟರ್ ಡಬ್ಬಿಯ ಹತ್ತಿರ ಇರುತ್ತದೆ. ಕೆಲವುದರಲ್ಲಿ ಥ್ರಾಟಲ್ (ಇಂಜಿನ್‌ಗೆ ಎಷ್ಟು ಗಾಳಿ ಹೋಗಬೇಕು ಅಂತ ತೆರೆದು ಮುಚ್ಚುವ ಬಾಗಿಲು) ದಾಟಿದ ಮೇಲೆ, ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಮ್ಯಾನಿಫೋಲ್ಡ್ ಮೇಲೆಯೇ ಕೂತಿರುತ್ತದೆ. ಅಲ್ಲಿ ಇಂಜಿನ್ ಬಿಸಿಯೂ ಸೇರಿ ಲೆಕ್ಕ ಜಾಸ್ತಿ ತೋರಿಸುತ್ತದೆ. ಹಾಗಾಗಿ ಬೇರೆಯವರ ಕಾರಿನ ಲೆಕ್ಕದ ಜೊತೆ ಹೋಲಿಸಬೇಡಿ. ನಿಮ್ಮ ಕಾರಿನ ಹಿಂದಿನ ಲೆಕ್ಕದ ಜೊತೆ ಮಾತ್ರ ಹೋಲಿಸಿ. ಅನುಮಾನವಿದ್ದರೆ ಎಸ್‌ಪಿ ರಸ್ತೆಯಲ್ಲಿ ವೈರ್ ಇರುವ ಸಣ್ಣ ಡಿಜಿಟಲ್ ಥರ್ಮಾಮೀಟರ್ ಕೇಳಿ. ಮೀನಿನ ತೊಟ್ಟಿಗೆ ಹಾಕುವಂಥದ್ದು. ಅದರ ತುದಿಯನ್ನು ಫಿಲ್ಟರ್ ಬಾಯಿಯ ಪಕ್ಕ ಕಟ್ಟಿ, ಡಿಸ್‌ಪ್ಲೇಯನ್ನು ಕಿಟಕಿಯಿಂದ ಒಳಗೆ ತಂದುಕೊಳ್ಳಿ.

ಕಂಪನಿ ಕೊಟ್ಟ ಡಬ್ಬಿಯಲ್ಲೇ, ಓಡುವಾಗ ಒಳಗಿನ ಗಾಳಿ ಹೊರಗಿನದಕ್ಕಿಂತ ಐದಾರು ಡಿಗ್ರಿ ಮಾತ್ರ ಜಾಸ್ತಿ ಇದ್ದರೆ ಅಲ್ಲಿಗೇ ನಿಲ್ಲಿಸಿ. ನಿಮ್ಮ ಕಾರಿಗೆ ಆಗಲೇ ಕೋಲ್ಡ್ ಏರ್ ಇಂಟೇಕ್ ಇದೆ ಅಂತ ಅರ್ಥ. ಈಗಿನ ಬಹಳಷ್ಟು ಕಾರುಗಳಲ್ಲಿ ಡಬ್ಬಿಯ ಮೂತಿ ಗ್ರಿಲ್ ಹಿಂದೆ ಅಥವಾ ಹೆಡ್‌ಲೈಟ್ ಪಕ್ಕ ಹೊರಗಿನ ಗಾಳಿಗೇ ತೆರೆದುಕೊಂಡಿರುತ್ತದೆ. ಅಂಥ ಡಬ್ಬಿಯನ್ನು ಕಿತ್ತು ಬರೀ ಶಂಕುವಿನ ಆಕಾರದ ಕೋನ್ ಫಿಲ್ಟರ್ ಹಾಕಿದರೆ ಕಾಸು ಕೊಟ್ಟು ಬಿಸಿ ಗಾಳಿ ಕೊಂಡ ಹಾಗೆ. ಅದೇ ಡಬ್ಬಿಯೊಳಗೆ ಒಳ್ಳೆಯ ಚಪ್ಪಟೆ ಪ್ಯಾನೆಲ್ ಫಿಲ್ಟರ್ ಹಾಕಿ ಸಾಕು.

ಜಾಗ ಹುಡುಕುವುದು

ಇಂಜಿನ್ ಪೂರ್ತಿ ತಣ್ಣಗಿರುವಾಗ, ಟಾರ್ಚ್ ಹಿಡಿದು ಅರ್ಧ ಗಂಟೆ ಸುಮ್ನೆ ನೋಡಿ. ಬ್ಯಾಟರಿ ಎಲ್ಲಿದೆ, ಫ್ಯೂಸ್ ಡಬ್ಬಿ ಎಲ್ಲಿದೆ, ಬ್ರೇಕ್ ಆಯಿಲ್ ಡಬ್ಬಿ ಯಾವ ಮೂಲೆಯಲ್ಲಿದೆ, ರೇಡಿಯೇಟರ್ ಫ್ಯಾನ್ ಗಾಳಿಯನ್ನು ಯಾವ ಕಡೆ ದೂಡುತ್ತದೆ. ಸುಟ್ಟ ಹೊಗೆಯನ್ನು ಹೊರಗೆ ಒಯ್ಯುವ ಬಿಸಿ ಕೊಳವೆ, ಅಂದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಮುಂದೆ ಇದೆಯೋ ಹಿಂದೆ ಇದೆಯೋ ಅದನ್ನೂ ಗುರುತಿಸಿ. ಅದು ಮುಂದೆ, ರೇಡಿಯೇಟರ್ ಪಕ್ಕ ಇದ್ದರೆ ಆ ಭಾಗದಲ್ಲಿ ಬಾಯಿ ಇಡುವ ಯೋಚನೆಯನ್ನೇ ಬಿಡಿ.

ಸಣ್ಣ ಕಾರಿನಲ್ಲಿ ಬಾಯಿ ಇಡಲು ಸಾಮಾನ್ಯವಾಗಿ ಮೂರು ಜಾಗ ಸಿಗುತ್ತವೆ. ಹೆಡ್‌ಲೈಟ್ ಹಿಂದಿನ ಮೂಲೆ ಒಂದು. ಮುಂದಿನ ಚಕ್ರದ ಮೇಲಿನ ಫೆಂಡರ್ ಒಳಗಿನ ಪೊಳ್ಳು ಜಾಗ ಇನ್ನೊಂದು. ಬಂಪರ್ ಹಿಂದೆ ತೀರಾ ಕೆಳಗೆ, ಫಾಗ್ ಲೈಟ್ ಹತ್ತಿರದ ಜಾಗ ಮೂರನೆಯದು.

ಮೂರನೆಯದರಲ್ಲಿ ಗಾಳಿ ಬಲು ತಂಪು. ಆದರೆ ಬೆಂಗಳೂರಿನಲ್ಲಿ ಅಲ್ಲಿ ಇಡಬೇಡಿ. ದಯವಿಟ್ಟು ಬೇಡ. ಒಂದು ಗಂಟೆ ಜೋರು ಮಳೆ ಬಂದರೆ ನಮ್ಮ ಅಂಡರ್‌ಪಾಸ್‌ಗಳು ಏನಾಗುತ್ತವೆ ಅಂತ ಎಲ್ಲರಿಗೂ ಗೊತ್ತು. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕಾರುಗಳು ನೀರಲ್ಲಿ ನಿಂತಿದ್ದವು. 2023ರ ಮೇನಲ್ಲಿ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಒಬ್ಬ ಯುವತಿಯ ಜೀವವೇ ಹೋಯಿತು. ಫಿಲ್ಟರ್ ನೀರಿಗೆ ಮುಳುಗಿದರೆ ಇಂಜಿನ್ ಗಾಳಿಯ ಬದಲು ನೀರು ಎಳೆದುಕೊಳ್ಳುತ್ತದೆ. ಗಾಳಿಯನ್ನು ಪಿಸ್ಟನ್ ಅದುಮಬಲ್ಲದು, ನೀರನ್ನು ಅದುಮಲಾಗದು. ಪಿಸ್ಟನ್‌ಗೆ ಜೋಡಿಸಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಇಂಜಿನ್ ಇಳಿಸಲೇಬೇಕು. ಬಾಯಿ ಹೆಡ್‌ಲೈಟ್ ಮಟ್ಟಕ್ಕಿಂತ ಕೆಳಗೆ ಹೋಗಬಾರದು. ಕಂಪನಿಯ ಮೂತಿ ಎಷ್ಟು ಎತ್ತರದಲ್ಲಿದೆ ಅಂತ ಟೇಪ್ ಹಿಡಿದು ನೆಲದಿಂದ ಅಳೆಯಿರಿ. ನಿಮ್ಮದು ಅದಕ್ಕಿಂತ ಮೇಲಿರಲಿ, ಕಡೇ ಪಕ್ಷ ಅಷ್ಟೇ ಇರಲಿ.

ಫೆಂಡರ್ ಒಳಗೆ ಹೋಗುವ ದಾರಿಗೆ ಕಂಪನಿಯೇ ಬಿಟ್ಟ ತೂತು ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಬಾಡಿ ಕತ್ತರಿಸಬೇಡಿ. ಕತ್ತರಿಸಿದ ಅಂಚು ಎರಡು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಇನ್ನು ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್ ವಾಪಸ್ ಹಾಕಲೇಬೇಕು. ಅದಿಲ್ಲದಿದ್ದರೆ ಟೈರು ಎರಚುವ ಕೆಸರೆಲ್ಲ ಫಿಲ್ಟರ್ ಮೇಲೆ.

ನನ್ನ ಕಾರಿನಲ್ಲಿ ಕೊನೆಗೆ ಸಿಕ್ಕಿದ್ದು ಎಡಗಡೆ ಹೆಡ್‌ಲೈಟ್ ಹಿಂದಿನ ಮೂಲೆ. ಅಲ್ಲಿ ಕಂಪನಿಯವರು ಇಟ್ಟಿದ್ದ ವಿಚಿತ್ರ ಆಕಾರದ ಖಾಲಿ ಪ್ಲಾಸ್ಟಿಕ್ ಡಬ್ಬಿ ಒಂದಿತ್ತು. ಅದು ರೆಸೊನೇಟರ್. ಇಂಜಿನ್ ಗಾಳಿ ಎಳೆಯುವ ಸದ್ದನ್ನು ಅಡಗಿಸುವುದು ಅದರ ಕೆಲಸ. ಅದನ್ನು ತೆಗೆದರೆ ಸದ್ದು ಏರುತ್ತದೆ. ಪೈಪಿನ ಉದ್ದ ಬದಲಾಗುವುದರಿಂದ ಕೆಳಗಿನ ಆರ್‌ಪಿಎಂನಲ್ಲಿ ಎಳೆತವೂ ಸ್ವಲ್ಪ ಬದಲಾಗಬಹುದು. ಸಿಟಿಯಲ್ಲಿ ನಾವು ಓಡಿಸುವುದೇ ಆ ಆರ್‌ಪಿಎಂನಲ್ಲಿ, ಇದು ನೆನಪಿರಲಿ.

ಏನೇನು ಕೊಳ್ಳಬೇಕು

ಜೆ.ಸಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲ ಸಿಗುತ್ತದೆ. ಆದರೆ ಅಳತೆ ಇಲ್ಲದೆ ಹೋಗಬೇಡಿ. ಥ್ರಾಟಲ್ ಬಾಡಿಯ ಹೊರ ವ್ಯಾಸವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಬರೆದುಕೊಳ್ಳಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಪೈಪು 63 ಅಥವಾ 76 ಮಿಲಿಮೀಟರ್. ದಪ್ಪ ಪೈಪು ಒಳ್ಳೆಯದು ಅಂತ ಅಂಗಡಿಯವರು ಹೇಳಬಹುದು. 1.2 ಲೀಟರ್ ಇಂಜಿನ್‌ಗೆ 63 ಧಾರಾಳ. ಇಕ್ಕಟ್ಟಿನ ಜಾಗದಲ್ಲಿ ಹದಿಮೂರು ಮಿಲಿಮೀಟರ್ ಉಳಿಯುವುದು ಸಣ್ಣ ಮಾತಲ್ಲ.

ಎಲ್ಲ ಕಾರಿಗೂ ಹೊಂದುವ ಕಿಟ್ ತರುವುದಾದರೆ ಬಾಗಿದ ಪೈಪುಗಳ ಬಾಗು ನೋಡಿ. 90 ಡಿಗ್ರಿಯ ಒಂದು ಚೂಪು ತಿರುವಿಗಿಂತ 45ರ ಎರಡು ಮೆತ್ತನೆ ತಿರುವು ಗಾಳಿಗೆ ಸಲೀಸು. ಅಲ್ಯುಮಿನಿಯಂ ಪೈಪು ಬೇಕೋ ಪ್ಲಾಸ್ಟಿಕ್ಕೋ ಅನ್ನುವ ವಾದದಲ್ಲಿ ಸಮಯ ಕಳೆಯಬೇಡಿ. ಓಡುವಾಗ ಗಾಳಿ ಪೈಪಿನೊಳಗೆ ಇರುವುದು ಕ್ಷಣಮಾತ್ರ. ಅಷ್ಟರಲ್ಲಿ ಪೈಪಿನ ಗೋಡೆಯಿಂದ ಅದು ಜಾಸ್ತಿ ಬಿಸಿಯಾಗುವುದಿಲ್ಲ. ತುದಿಯಲ್ಲಿ ಸಣ್ಣ ಏಣು ಇದೆಯಾ ಅದನ್ನು ನೋಡಿ. ಆ ಏಣಿದ್ದರೆ ಸಿಲಿಕೋನ್ ಹೋಸ್ ಜಾರಿ ಬರುವುದಿಲ್ಲ.

ಫಿಲ್ಟರ್ ವಿಚಾರಕ್ಕೆ ಬಂದರೆ, ಎಣ್ಣೆ ಹಚ್ಚುವ ಹತ್ತಿಯದು, ಎಣ್ಣೆ ಬೇಡದ ಸಿಂಥೆಟಿಕ್ ಅಂತ ಎರಡು ಬಗೆ. ನಿಮ್ಮ ಕಾರಿನಲ್ಲಿ ಒಳಬರುವ ಗಾಳಿ ಎಷ್ಟು ಅಂತ ಅಳೆಯುವ ಮಾಸ್ ಏರ್ ಫ್ಲೋ ಸೆನ್ಸರ್ ಇದ್ದರೆ ಒಣ ಫಿಲ್ಟರ್ ತೆಗೆದುಕೊಳ್ಳಿ. ಎಣ್ಣೆ ಜಾಸ್ತಿಯಾದರೆ ಆ ಸೆನ್ಸರ್‌ನ ಬಿಸಿ ತಂತಿಗೆ ಅಂಟಿ ಲೆಕ್ಕ ಕೆಡಿಸುತ್ತದೆ. ಇನ್ನೊಂದು ವಿಷಯ. ಹತ್ತಿಯ ಫಿಲ್ಟರ್ ನುಣ್ಣನೆಯ ಧೂಳನ್ನು ಕಾಗದದ ಫಿಲ್ಟರ್‌ನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಮೆಟ್ರೊ ಕಾಮಗಾರಿ ಪಕ್ಕದಲ್ಲೇ ದಿನಾ ಓಡಾಡುವವರು ಇದನ್ನು ಯೋಚಿಸಿ.

ಇದರ ಜೊತೆಗೆ ಹೋಸ್ ಕ್ಲಿಪ್‌ಗಳು, ಒಂದೂವರೆ ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತಗಡು, ಅಂಚಿಗೆ ಹಾಕುವ ಬೀಡಿಂಗ್ ರಬ್ಬರ್, ರಬ್ಬರ್ ಬುಷ್ ಇರುವ ಒಂದು ಬ್ರಾಕೆಟ್ ಬೇಕು.

ರಟ್ಟು, ಪಿವಿಸಿ, ಚಪಾತಿ ಹಿಟ್ಟು

ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗ ಇದು. ಅಸಲಿ ಪೈಪನ್ನು ಕತ್ತರಿಸುವ ಮೊದಲು ಸುಳ್ಳು ಪೈಪೊಂದನ್ನು ಮಾಡಿ. ಹಾರ್ಡ್‌ವೇರ್ ಅಂಗಡಿಯ 63 ಮಿಲಿಮೀಟರ್ ಪಿವಿಸಿ ಪೈಪು, ಎರಡು ಬೆಂಡು ಸಾಕು. ಥ್ರಾಟಲ್‌ನಿಂದ ನೀವು ಗುರುತಿಸಿದ ಮೂಲೆಯವರೆಗೆ ಜೋಡಿಸಿ, ತಿರುಗಿಸಿ, ಕತ್ತರಿಸಿ, ಮತ್ತೆ ಜೋಡಿಸಿ. ಸರಿಯಾದಾಗ ಪ್ರತಿ ಜೋಡಣೆಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಆ ಗೆರೆ ನೋಡಿಕೊಂಡು ಅಸಲಿ ಪೈಪನ್ನು ಕತ್ತರಿಸಬಹುದು. ಈ ಪಿವಿಸಿಯನ್ನೇ ಶಾಶ್ವತವಾಗಿ ಬಿಡಬೇಡಿ. 80 ಡಿಗ್ರಿ ಆಸುಪಾಸಿನಲ್ಲಿ ಅದು ಮೆದುವಾಗುತ್ತದೆ. ಬಾನೆಟ್ ಕೆಳಗೆ ಅಷ್ಟು ಬಿಸಿ ಬರುವುದು ಕಷ್ಟವೇನಲ್ಲ.

ಎಷ್ಟು ಸಂದು ಬಿಡಬೇಕು? ಅಲ್ಲಾಡದ ವಸ್ತುಗಳಿಂದ ಒಂದು ಬೆರಳು ಹಿಡಿಸುವಷ್ಟು. ಫ್ಯಾನು, ಬೆಲ್ಟು, ಎಕ್ಸಾಸ್ಟ್‌ನಿಂದ ಕಡೇ ಪಕ್ಷ ಎರಡು ಬೆರಳು, ಸಾಧ್ಯವಾದರೆ ಇನ್ನೂ ಜಾಸ್ತಿ. ಇಂಜಿನ್ ನಿಂತಲ್ಲೇ ನಿಂತಿರುವುದಿಲ್ಲ. ಅಡ್ಡ ಕೂರಿಸಿದ ಇಂಜಿನ್ ಗೇರ್ ಹಾಕಿದಾಗ ಹಿಂದೆ ಮುಂದೆ ತೂಗುತ್ತದೆ. ಮೌಂಟಿಂಗ್ ಹಳತಾಗಿದ್ದರೆ ಇನ್ನೂ ಜೋರು. ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಒಬ್ಬರು ರೇಸ್ ಕೊಡಲಿ. ನೀವು ಕಾರಿನ ಪಕ್ಕಕ್ಕೆ ನಿಂತು ನೋಡಿ, ಮುಂದೆ ನಿಲ್ಲಬೇಡಿ. ಎಷ್ಟು ಅಲ್ಲಾಡುತ್ತದೆ ಅಂತ ಒಂದು ಅಂದಾಜು ಸಿಗುತ್ತದೆ. ಓಡುವಾಗ ಅದಕ್ಕಿಂತ ಜಾಸ್ತಿಯೇ ಇರುತ್ತದೆ.

ಬಾನೆಟ್ ಮುಚ್ಚಿದ ಮೇಲೆ ಒಳಗೆ ಕಾಣಿಸುವುದಿಲ್ಲವಲ್ಲ, ಅದಕ್ಕೆ ಚಪಾತಿ ಹಿಟ್ಟು. ನಿಂಬೆ ಗಾತ್ರದ ಮೂರು ನಾಲ್ಕು ಉಂಡೆ ಮಾಡಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಪೈಪಿನ ಎತ್ತರದ ಜಾಗಗಳ ಮೇಲೆ ಇಡಿ. ಬಾನೆಟನ್ನು ಮೆಲ್ಲಗೆ ಒತ್ತಿ ಮುಚ್ಚಿ, ಮತ್ತೆ ತೆರೆಯಿರಿ. ಚಪ್ಪಟೆಯಾದ ಹಿಟ್ಟಿನ ದಪ್ಪವೇ ನಿಮಗೆ ಉಳಿದಿರುವ ಜಾಗ. 15 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಪೈಪು ಇನ್ನೂ ಇಳಿಯಬೇಕು. ನನ್ನದು ಮೊದಲ ಸಲ 6 ಬಂತು. ಬ್ರಾಕೆಟ್ ಬದಲಿಸಿ ಮೂರನೇ ಸಲಕ್ಕೆ 17 ಆಯಿತು.

ಹಳೆಯದನ್ನು ಬಿಚ್ಚುವುದು

ಬ್ಯಾಟರಿಯ ನೆಗೆಟಿವ್ ತೆಗೆದಿಡಿ. ಹೆಚ್ಚಿನ ಕಾರುಗಳಲ್ಲಿ 10 ನಂಬರ್ ಸ್ಪ್ಯಾನರ್ ಸಾಕು. ಪ್ರತಿ ಹೋಸು, ಪ್ರತಿ ಕನೆಕ್ಟರ್ ಬಿಚ್ಚುವ ಮೊದಲು ಫೋನ್‌ನಲ್ಲಿ ಫೋಟೊ ತೆಗೆಯಿರಿ. ಬೋಲ್ಟುಗಳನ್ನು ಇಡಲು ಹಳೆಯ ಇಡ್ಲಿ ತಟ್ಟೆಯಷ್ಟು ಅನುಕೂಲದ ವಸ್ತು ಇನ್ನೊಂದಿಲ್ಲ. ಒಂದೊಂದು ಗುಳಿಯಲ್ಲಿ ಒಂದೊಂದು ಜಾಗದ ಬೋಲ್ಟು.

ಪ್ಲಾಸ್ಟಿಕ್ ಕ್ಲಿಪ್‌ಗಳು ವರ್ಷಗಟ್ಟಲೆ ಬಿಸಿ ತಿಂದು ಬಿರುಸಾಗಿರುತ್ತವೆ. ಎಳೆಯಬೇಡಿ, ಲಾಕ್ ಒತ್ತಿ ಬಿಡಿಸಿ. ಡಬ್ಬಿ ಹೊರಬಂದ ತಕ್ಷಣ ಥ್ರಾಟಲ್ ಬಾಯಿಗೆ ನಾರು ಬಿಡದ ಬಟ್ಟೆ ಕಟ್ಟಿ. ಒಂದು ಸಣ್ಣ ವಾಷರ್ ಒಳಗೆ ಬಿದ್ದರೂ ದೊಡ್ಡ ಖರ್ಚು. ಈಗಿನ ಕಾರುಗಳಲ್ಲಿ ಥ್ರಾಟಲ್ ಬಿಲ್ಲೆಯನ್ನು ಮೋಟಾರ್ ತಿರುಗಿಸುತ್ತದೆ. ಅದನ್ನು ಬೆರಳಿಂದ ತಳ್ಳಬೇಡಿ.

ಹಳೆಯ ಡಬ್ಬಿ, ಬೋಲ್ಟು, ಮೂತಿ ಎಲ್ಲವನ್ನೂ ಒಂದು ಚೀಲದಲ್ಲಿ ಕಟ್ಟಿ ಅಟ್ಟದ ಮೇಲೆ ಇಡಿ. ಗುಜರಿಗೆ ಕೊಡಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಜೋಡಿಸುವುದು

ಥ್ರಾಟಲ್ ಕಡೆಯಿಂದ ಶುರು ಮಾಡಿ ಹೊರಕ್ಕೆ ಹೋಗಿ. ಸಿಲಿಕೋನ್ ಹೋಸ್ ಎರಡೂ ಕಡೆ ಎರಡು ಬೆರಳಗಲ ಒಳಗೆ ಕೂತಿರಬೇಕು. ಮೊದಲು ಎಲ್ಲ ಕ್ಲಿಪ್‌ಗಳನ್ನೂ ಸಡಿಲವಾಗಿಯೇ ಬಿಟ್ಟು, ಪೈಪು ತನ್ನ ಜಾಗ ಹಿಡಿದ ಮೇಲೆ ಒಂದೊಂದಾಗಿ ಬಿಗಿ ಮಾಡಿ. ಥ್ರಾಟಲ್ ಬಾಡಿ ಪ್ಲಾಸ್ಟಿಕ್ ಆಗಿದ್ದರೆ ಜಾಸ್ತಿ ಬಲ ಹಾಕಬೇಡಿ, ಬಿರುಕು ಬಿಡುತ್ತದೆ.

ಇಂಟೇಕ್ ಗಾಳಿಯ ಸೆನ್ಸರ್ ಹಳೆಯ ಡಬ್ಬಿಯಲ್ಲಿದ್ದರೆ ಹೊಸ ಪೈಪಿನಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ ಕೂರಿಸಿ. ಮಾಸ್ ಏರ್ ಫ್ಲೋ ಸೆನ್ಸರ್ ಇದ್ದರೆ ಮಾತು ಬೇರೆ. ಅದು ಗಾಳಿಯನ್ನು ಅಳೆಯುವುದು ತಾನು ಕೂತ ಪೈಪಿನ ವ್ಯಾಸ ಇಷ್ಟೇ ಎಂದು ನಂಬಿಕೊಂಡು. ವ್ಯಾಸ ಬದಲಾದರೆ ಪೆಟ್ರೋಲ್ ಲೆಕ್ಕವೆಲ್ಲ ತಪ್ಪು. ಅದರ ಮುಂದೆ ಸ್ವಲ್ಪ ದೂರ ನೇರ ಪೈಪೂ ಬೇಕು. ಹಾಗಾಗಿ ಕಂಪನಿಯ ಸೆನ್ಸರ್ ಕೊಳವೆಯನ್ನು ಹಾಗೇ ಕತ್ತರಿಸದೆ ಬಳಸಿ, ಅದರ ಮೇಲಿನ ಬಾಣದ ಗುರುತು ಇಂಜಿನ್ ಕಡೆಗಿರಲಿ.

ಇಂಜಿನ್‌ನಿಂದ ಬರುವ ಬ್ರೀದರ್ ಹೋಸ್ ಹಳೆಯ ಪೈಪಿಗೆ ಸೇರಿತ್ತಲ್ಲ, ಅದನ್ನು ಹೊಸ ಪೈಪಿಗೂ ಸೇರಿಸಲೇಬೇಕು. ಅದರ ತುದಿಗೆ ಪುಟ್ಟ ಫಿಲ್ಟರ್ ಸಿಕ್ಕಿಸಿ ಬಿಟ್ಟಿರುವುದನ್ನು ಎಷ್ಟೋ ಕಾರುಗಳಲ್ಲಿ ನೋಡಿದ್ದೇನೆ. ಆಗ ಇಂಜಿನ್‌ನ ಎಣ್ಣೆ ಹೊಗೆ ನೇರ ಹೊರಗೆ ಬರುತ್ತದೆ. ಮಾಸ್ ಏರ್ ಫ್ಲೋ ಇರುವ ಕಾರಿನಲ್ಲಿ ಅಳತೆಗೆ ಸಿಗದ ಗಾಳಿಯೂ ಒಳಗೆ ನುಗ್ಗುತ್ತದೆ. ಈ ಹೋಸ್‌ಗೆ ಸಿಲಿಕೋನ್ ಬೇಡ, ಎಣ್ಣೆ ತಡೆಯುವ ರಬ್ಬರ್ ಬಳಸಿ.

ಪೈಪಿನ ಭಾರ ಥ್ರಾಟಲ್ ಮೇಲೆ ಬೀಳಬಾರದು. ಬ್ರಾಕೆಟ್‌ನಿಂದ ಬಾಡಿಗೆ ಹಿಡಿಸಿ, ನಡುವೆ ರಬ್ಬರ್ ಬುಷ್ ಇರಲಿ. ಒಂದು ತುದಿ ಅಲ್ಲಾಡುವ ಇಂಜಿನ್‌ಗೆ, ಇನ್ನೊಂದು ಅಲ್ಲಾಡದ ಬಾಡಿಗೆ ಕಟ್ಟಿರುವುದರಿಂದ ನಡುವಿನ ಸಿಲಿಕೋನ್ ಹೋಸೇ ಆ ತೂಗಾಟವನ್ನು ತಡೆದುಕೊಳ್ಳಬೇಕು.

ತಗಡಿನ ಗೋಡೆ

ಹೆಡ್‌ಲೈಟ್ ಹಿಂದೆ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಫ್ಯಾನ್‌ನ ಬಿಸಿ ಗಾಳಿ ಸುತ್ತಿಕೊಂಡು ಅಲ್ಲಿಗೂ ಬರುತ್ತದೆ. ಫಿಲ್ಟರ್ ಮತ್ತು ಇಂಜಿನ್ ನಡುವೆ ಗೋಡೆ ಬೇಕು. ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ. ನಾನು ಐದು ರಟ್ಟು ಹಾಳು ಮಾಡಿದ ಮೇಲೆ ಆರನೆಯದು ಕೂತಿತು. ಆ ಅಚ್ಚನ್ನು ತಗಡಿನ ಮೇಲಿಟ್ಟು, ತಗಡು ಕತ್ತರಿಯಿಂದ ಕತ್ತರಿಸಿ, ಅಂಚನ್ನು ಅರದಿಂದ ಉಜ್ಜಿ, ಬೀಡಿಂಗ್ ರಬ್ಬರ್ ಹಾಕಿ. ಮೇಲಿನ ಅಂಚಿಗೆ ಸ್ವಲ್ಪ ದಪ್ಪದ ಮೆತ್ತನೆ ರಬ್ಬರ್ ಹಾಕಿದರೆ ಬಾನೆಟ್ ಮುಚ್ಚಿದಾಗ ಅದೇ ಮುಚ್ಚಳವಾಗುತ್ತದೆ. ಫಿಲ್ಟರ್ ಒಂದು ಪೆಟ್ಟಿಗೆಯೊಳಗೆ ಕೂತಂತೆ. ಫಿಲ್ಟರ್ ಸುತ್ತಲೂ ಒಂದು ಬೆರಳು ಖಾಲಿ ಇರಲಿ, ಗೋಡೆಗೆ ತಾಗಿದ ಭಾಗದಿಂದ ಗಾಳಿ ಬರುವುದಿಲ್ಲ.

ಆ ಪೆಟ್ಟಿಗೆಗೆ ಹೊರಗಿನಿಂದ ಗಾಳಿ ಬರುವ ಬಾಯಿಯೂ ಬೇಕಲ್ಲ. ಕಂಪನಿಯ ಹಳೆಯ ಮೂತಿಯನ್ನೇ ಅಲ್ಲಿಗೆ ತಿರುಗಿಸಿ ಕೂರಿಸಿದೆ. ಗ್ರಿಲ್ ಹಿಂದಿನ ಗಾಳಿ ನೇರ ಪೆಟ್ಟಿಗೆಗೆ ಬರುತ್ತದೆ. ರೇಡಿಯೇಟರ್‌ಗೆ ಹೋಗುವ ಗಾಳಿಗೆ ಮಾತ್ರ ಎಲ್ಲೂ ಅಡ್ಡ ಬರಬಾರದು.

ಈ ತಗಡಿನಿಂದಲೇ ನನಗೆ ಹೆಚ್ಚಿನ ಫಲ ಸಿಕ್ಕಿತು. ಅದೇ ಸಿಲ್ಕ್ ಬೋರ್ಡ್, ಅದೇ ಸಂಜೆಯ ಹೊತ್ತು, 66 ಇದ್ದದ್ದು 47ಕ್ಕೆ ಬಂತು. ಓಡುವಾಗ ಹೊರಗಿನದಕ್ಕಿಂತ 6 ಡಿಗ್ರಿ ಮಾತ್ರ ಜಾಸ್ತಿ.

ಸ್ಟಾರ್ಟ್ ಮಾಡುವ ಮೊದಲು, ಮಾಡಿದ ಮೇಲೆ

ಥ್ರಾಟಲ್‌ಗೆ ಕಟ್ಟಿದ ಬಟ್ಟೆ ತೆಗೆದಿರಾ? ಇನ್ನೊಂದು ಸಲ ನೋಡಿಕೊಳ್ಳಿ. ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ. ಬ್ಯಾಟರಿ ತೆಗೆದಿದ್ದರಿಂದ ಐಡಲ್ ಒಂದೆರಡು ದಿನ ಸ್ವಲ್ಪ ಏರಿಳಿಯಬಹುದು. ಅದಾದ ಮೇಲೂ ನಿಲ್ಲದಿದ್ದರೆ ಎಲ್ಲೋ ಸೋರಿಕೆ ಇದೆ.

ಸೋರಿಕೆ ಹಿಡಿಯಲು ಸುಲಭದ ದಾರಿ ಇದು. ಇಂಜಿನ್ ಐಡಲ್‌ನಲ್ಲಿರುವಾಗ ಕೋನ್ ಫಿಲ್ಟರ್ ತೆಗೆದು, ಪೈಪಿನ ಬಾಯಿಗೆ ಸಪಾಟಾದ ಸ್ಟೀಲ್ ತಟ್ಟೆಯನ್ನು ಒಂದೆರಡು ಸೆಕೆಂಡ್ ಒತ್ತಿ ಹಿಡಿಯಿರಿ. ಇಂಜಿನ್ ಉಸಿರುಕಟ್ಟಿ ನಿಲ್ಲಲು ಹೋಗಬೇಕು. ಆರಾಮಾಗಿ ಓಡುತ್ತಲೇ ಇದ್ದರೆ ಬೇರೆ ಕಡೆಯಿಂದ ಗಾಳಿ ಎಳೆಯುತ್ತಿದೆ. ಆಗ ಬ್ರೀದರ್ ಹೋಸ್, ಸೆನ್ಸರ್ ಗ್ರಾಮೆಟ್, ಹೋಸ್ ಕ್ಲಿಪ್ ಒಂದೊಂದಾಗಿ ನೋಡಿ. ಕೈಯನ್ನು ಫ್ಯಾನ್‌ನಿಂದ ದೂರ ಇಟ್ಟುಕೊಳ್ಳಿ, ಅದು ಯಾವಾಗ ಬೇಕಾದರೂ ತಿರುಗಲು ಶುರು ಮಾಡುತ್ತದೆ.

ಚೆಕ್ ಇಂಜಿನ್ ಲೈಟ್ ಬಂದರೆ ಗಾಬರಿ ಬೇಡ. ಡಾಂಗಲ್‌ನಲ್ಲಿ ಕೋಡ್ ಓದಿ. ಪಿ0113 ಬಂದರೆ ಇಂಟೇಕ್ ಗಾಳಿಯ ಸೆನ್ಸರ್ ಪ್ಲಗ್ ಸಿಕ್ಕಿಸಲು ಮರೆತಿರುವ ಸಾಧ್ಯತೆಯೇ ಜಾಸ್ತಿ. ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಸೋರಿಕೆಯನ್ನೇ ಮೊದಲು ಅನುಮಾನಿಸಿ. ಪಿ0102 ಮಾಸ್ ಏರ್ ಫ್ಲೋ ಸೆನ್ಸರ್‌ಗೆ ಸೇರಿದ್ದು.

ಒಂದು ವಾರ ಓಡಿಸಿದ ಮೇಲೆ ಇಂಜಿನ್ ತಣ್ಣಗಿರುವಾಗ ಎಲ್ಲ ಕ್ಲಿಪ್‌ಗಳನ್ನೂ ಮತ್ತೆ ಒಂದು ಸುತ್ತು ನೋಡಿ. ಪೈಪಿನ ಮೇಲೆ, ಬಾನೆಟ್ ಒಳಮೈ ಮೇಲೆ ಎಲ್ಲಾದರೂ ಉಜ್ಜಿದ ಹೊಳಪು ಕಂಡರೆ ಅಲ್ಲಿ ತಾಗುತ್ತಿದೆ ಅಂತಲೇ ಅರ್ಥ.

ಕಾನೂನು ಮತ್ತು ವಿಮೆ

ಇದನ್ನು ಮುಚ್ಚಿಡದೆ ಹೇಳಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟು ಆರ್‌ಸಿಯಲ್ಲಿ ದಾಖಲಾದ ವಿವರಕ್ಕಿಂತ ಗಾಡಿ ಬೇರೆಯಾಗುವಂತೆ ಮಾಲೀಕರು ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅನ್ನುತ್ತದೆ. ಕೆಲಸಕ್ಕೆ ಕೈ ಹಾಕುವ ಮೊದಲೇ ನಿಮ್ಮ ಆರ್‌ಟಿಒದಲ್ಲಿ ಕೇಳಿ. ವಿಮೆ ಕಂಪನಿಗೂ ಬರೆದು ತಿಳಿಸಿ, ಉತ್ತರವನ್ನು ಇಟ್ಟುಕೊಳ್ಳಿ. ನೀರು ನುಗ್ಗಿ ಇಂಜಿನ್ ಹೋದಾಗ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಸಿಗುವುದು ಕಷ್ಟ, ಅದಕ್ಕೆ ಇಂಜಿನ್ ರಕ್ಷಣೆಯ ಆಡ್-ಆನ್ ಬೇರೆ. ಡಬ್ಬಿ ಬದಲಾಗಿರುವುದು ಕಂಡರೆ ಆ ಆಡ್-ಆನ್ ಬಗ್ಗೆಯೂ ತಕರಾರು ಬರಬಹುದು. ವಾರಂಟಿ ಇನ್ನೂ ಇರುವ ಕಾರಿಗೆ ಇದನ್ನು ಹಾಕಬೇಡಿ ಅಂತಲೇ ನನ್ನ ಸಲಹೆ. ಹಳೆಯ ಡಬ್ಬಿಯನ್ನು ಗುಜರಿಗೆ ಕೊಡಬೇಡಿ ಅಂದದ್ದು ಇದಕ್ಕೇ. ಯಾರಾದರೂ ಕೇಳಿದರೆ ಅರ್ಧ ದಿನದಲ್ಲಿ ಹಿಂದಿನಂತೆ ಮಾಡಲು ಆಗಬೇಕು.

ಕೆಲಸ ಮುಗಿದ ವಾರವೇ ಎಮಿಷನ್ ಟೆಸ್ಟ್ ಮಾಡಿಸಿ. ಹಿಂದಿನ ಸರ್ಟಿಫಿಕೇಟ್ ಇನ್ನೂ ನಡೆಯುತ್ತಿದ್ದರೂ ಮಾಡಿಸಿ. ಕಾರ್ಬನ್ ಮಾನಾಕ್ಸೈಡ್ ಅಂಕಿ ಮೊದಲಿಗಿಂತ ಏರಿದ್ದರೆ ಸೆನ್ಸರ್ ಕಡೆ ಏನೋ ತಪ್ಪಾಗಿದೆ.

ಆಮೇಲಿನ ಆರೈಕೆ

ಮಳೆಗಾಲದಲ್ಲಿ ರಸ್ತೆಯ ನೀರು ಚಕ್ರದ ನಡುಮಟ್ಟ ದಾಟಿದ್ದರೆ ಗಾಡಿ ಇಳಿಸಬೇಡಿ. ಅಕಸ್ಮಾತ್ ನೀರಿನಲ್ಲಿ ಇಂಜಿನ್ ನಿಂತರೆ ಮತ್ತೆ ಕೀ ತಿರುಗಿಸಬೇಡಿ, ನೀವು ಹೊರಬಂದು ಗಾಡಿಯನ್ನು ಟೋ ಮಾಡಿಸಿ. ರಾಡ್ ಬಾಗುವುದು ಎಷ್ಟೋ ಸಲ ಆ ಎರಡನೇ ಸ್ಟಾರ್ಟ್‌ನಲ್ಲೇ.

ಹತ್ತಿಯ ಫಿಲ್ಟರ್ ಆಗಿದ್ದರೆ ಅದರ ಕ್ಲೀನರ್‌ನಿಂದ ತೊಳೆದು, ನೆರಳಲ್ಲಿ ತಾನಾಗಿ ಒಣಗಲು ಬಿಡಿ. ಕಂಪ್ರೆಸರ್ ಗಾಳಿ ಹೊಡೆದರೆ ಹತ್ತಿಯ ಎಳೆ ಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಎಣ್ಣೆ ಹಾಕಿ, ಅರ್ಧ ಗಂಟೆ ಬಿಟ್ಟು, ಬಣ್ಣ ಎಲ್ಲ ಕಡೆ ಒಂದೇ ರೀತಿ ಹರಡಿದೆಯಾ ನೋಡಿ ಕೂರಿಸಿ. ಬೆಂಗಳೂರಿನ ಧೂಳಿಗೆ ನಾನು ಆರು ತಿಂಗಳಿಗೊಮ್ಮೆ ತೊಳೆಯುತ್ತೇನೆ. ಪ್ರತಿ ಸಲ ಫಿಲ್ಟರ್ ತೆಗೆದಾಗ ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಪೈಪಿನ ಒಳಗೋಡೆ ಒರೆಸುತ್ತೇನೆ. ಬಟ್ಟೆ ಹಾಗೇ ಇದ್ದರೆ ಸರಿ. ಕೆಂಪು ಧೂಳು ಅಂಟಿದರೆ ಫಿಲ್ಟರ್ ದಾಟಿ ಮಣ್ಣು ಒಳಗೆ ಹೋಗುತ್ತಿದೆ. ಅವತ್ತೇ ಅಟ್ಟದಿಂದ ಹಳೆಯ ಡಬ್ಬಿ ಇಳಿಸಿ ವಾಪಸ್ ಹಾಕಿ, ಕಾರಣ ಸಿಕ್ಕುವವರೆಗೆ ಅದರಲ್ಲೇ ಓಡಿಸಿ.